ನೆವರ್‌ಮೈಂಡ್: ಮೂರು ಮುದ್ರಣ ಕೇಳಿ, ಹಳೆಯ ಸಿಡಿಯನ್ನೇ ಮತ್ತೆ ಕೊಂಡೆ

ಅಮೆರಿಕದ ರಾಕ್ ತಂಡ ನಿರ್ವಾಣದ ಎರಡನೆಯ ಆಲ್ಬಂ ‘ನೆವರ್‌ಮೈಂಡ್’ನ ಹಳೆಯ ಸಿಡಿ, 1991ರದು, ನನ್ನ ಬಳಿ ಇತ್ತು. 2011ರ ರೀಮಾಸ್ಟರ್, ಅಂದರೆ ಹಳೆಯ ಧ್ವನಿಮುದ್ರಣವನ್ನೇ ಮತ್ತೆ ಸಂಸ್ಕರಿಸಿದ ಆವೃತ್ತಿ, ಕೊಂಡ ಹುಮ್ಮಸ್ಸಿನಲ್ಲಿ ಅದನ್ನು ಗೆಳೆಯನಿಗೆ ಕೊಟ್ಟುಬಿಟ್ಟೆ. ಕೊಟ್ಟದ್ದನ್ನು ಮರಳಿ ಕೇಳಲು ಮನಸ್ಸಾಗದೆ, ಆರು ವಾರಗಳಲ್ಲೇ ಅದೇ ಹಳೆಯ ಮುದ್ರಣವನ್ನು ಹುಡುಕಿ ಕೊಂಡೆ.

ರೀಮಾಸ್ಟರ್ ಮೊದಲ ದಿನ ನನಗೂ ಹಿಡಿಸಿತ್ತು. ಜೋರಾಗಿ ಕೇಳುವುದೆಲ್ಲ ಕಿವಿಗೆ ಸ್ವಲ್ಪ ಹೊತ್ತು ಚೆನ್ನಾಗಿಯೇ ಕೇಳುತ್ತದೆ. ಆದರೆ ಎರಡು ಬಾರಿ ಪೂರ್ತಿ ಕೇಳುವಷ್ಟರಲ್ಲಿ ತಲೆ ಭಾರವಾಗುತ್ತಿತ್ತು. ಹಳೆಯ ಸಿಡಿ ಕೈಗೆ ಬಂದ ಮೇಲೆ ಎರಡರ ಧ್ವನಿಮಟ್ಟವನ್ನೂ ಸರಿಸಮ ಮಾಡಿಕೊಂಡು ಕೇಳಿದಾಗ ಕಾರಣ ತಿಳಿಯಿತು.

ಈ ಆಲ್ಬಂನ ಜೀವವೇ ಮೆಲುದನಿಗೂ ಅಬ್ಬರಕ್ಕೂ ನಡುವಿನ ಅಂತರದಲ್ಲಿದೆ. ‘ಲಿಥಿಯಂ’ನ ಚರಣ ತಗ್ಗಿದ ದನಿಯಲ್ಲಿ ಸಾಗಿ, ಪಲ್ಲವಿಯಲ್ಲಿ ಗಿಟಾರ್ ಮತ್ತು ಡೇವ್ ಗ್ರೋಲ್ ಅವರ ಡ್ರಮ್ಸ್ ಒಟ್ಟಿಗೆ ಮೇಲೆರಗುತ್ತವೆ. ಹಳೆಯ ಸಿಡಿಯಲ್ಲಿ ಆ ಕ್ಷಣಕ್ಕೆ ಎದೆ ಝಲ್ಲೆನ್ನುತ್ತದೆ. ರೀಮಾಸ್ಟರ್‌ನಲ್ಲಿ ಚರಣವೇ ಆಗಲೇ ಮೇಲೇರಿ ಕುಳಿತಿರುವುದರಿಂದ ಪಲ್ಲವಿಗೆ ಏರಲು ಜಾಗವಿಲ್ಲ. ಡಿಜಿಟಲ್ ಧ್ವನಿಗೆ ಒಂದು ಗರಿಷ್ಠ ಮಿತಿ ಇದೆ. ಅದರೊಳಗೇ ಇಡೀ ಹಾಡನ್ನು ಜೋರು ಮಾಡಬೇಕೆಂದರೆ ಅತಿ ಜೋರಾದ ತುದಿಗಳನ್ನು ಅದುಮಿ ಉಳಿದದ್ದನ್ನು ಎತ್ತಬೇಕು. ಹಾಗೆ ಅದುಮಿದಾಗ ಮೊದಲು ಮೊಂಡಾಗುವುದು ಸ್ನೇರ್ ಡ್ರಮ್‌ನ ಪೆಟ್ಟು. ಬುಚ್ ವಿಗ್ ನಿರ್ಮಾಣದಲ್ಲಿ, ಆಂಡಿ ವಾಲೇಸ್ ಮಿಶ್ರಣದಲ್ಲಿ ಮೂಡಿದ ಆ ಪೆಟ್ಟನ್ನೇ ಕಳೆದುಕೊಂಡ ಮೇಲೆ ಹೊಸ ಮುದ್ರಣ ಯಾವ ಸುಖಕ್ಕೆ?

ರೀಮಾಸ್ಟರ್‌ನ ಜೊತೆಗೆ ಬಂದ ಹೆಚ್ಚುವರಿ ಹಾಡುಗಳು ಮಾತ್ರ ನಿಜಕ್ಕೂ ಬೆಲೆಯುಳ್ಳವು.

ನಾನು ಕೇಳಿದ ಮೂರನೆಯ ಮುದ್ರಣ ಎಲ್‌ಪಿ, ಅಂದರೆ ವಿನೈಲ್ ತಟ್ಟೆ. ಅದು ಕೇಳಲು ಹಿತವಾಗಿದೆ, ಪ್ರತಿ ಬದಿಯ ಕೊನೆಯ ಹಾಡಿನವರೆಗೆ. ‘ಪಾಲಿ’ ಮತ್ತು ‘ಸಮ್‌ಥಿಂಗ್ ಇನ್ ದ ವೇ’, ಆಲ್ಬಂನ ಅತ್ಯಂತ ಮೆಲ್ಲನೆಯ ಎರಡು ಹಾಡುಗಳು, ಎರಡೂ ಬದಿಗಳ ಕೊನೆಯಲ್ಲಿವೆ. ತಟ್ಟೆಯ ಒಳಸುತ್ತುಗಳು ಚಿಕ್ಕವು. ಧ್ವನಿಯ ಸೂಕ್ಷ್ಮತೆ ಅಲ್ಲೇ ಕುಗ್ಗುತ್ತದೆ. ‘ಸಮ್‌ಥಿಂಗ್ ಇನ್ ದ ವೇ’ಯನ್ನು ಸ್ಟುಡಿಯೋದ ಸೋಫಾದಲ್ಲಿ ಮಲಗಿ ಗಾಯಕ ಕರ್ಟ್ ಕೋಬೇನ್ ಪಿಸುಗುಟ್ಟಿದಂತೆ ಹಾಡಿದ್ದರ ಮೇಲೆ ನನ್ನ ಪ್ರತಿಯಲ್ಲಿ ಚಟಪಟ ಸದ್ದು ಕೂರುತ್ತದೆ.

ಹಳೆಯ ಸಿಡಿಯ ತೊಂದರೆ ಒಂದೇ. ಕೊನೆಯ ಹಾಡು ಮುಗಿದು ಸುಮಾರು 10 ನಿಮಿಷ ಮೌನವಿದ್ದು, ಆಮೇಲೆ ಗುಟ್ಟಾಗಿ ಸೇರಿಸಿದ ಹಾಡು ಅಬ್ಬರಿಸಿ ಏಳುತ್ತದೆ. ನಿದ್ದೆ ಹತ್ತುವ ಮೊದಲೇ ನಿಲ್ಲಿಸಬೇಕು.

ನಾನು ಕೇಳುವುದು ರಾತ್ರಿ, ಹೆಡ್‌ಫೋನ್‌ನಲ್ಲಿ, ಮೊದಲಿನಿಂದ ಕೊನೆಯವರೆಗೆ. ಬಸ್ಸಿನ ಗದ್ದಲದಲ್ಲಿ ಕೇಳುವವರಿಗೆ ರೀಮಾಸ್ಟರ್ ಸಾಕಾಗಬಹುದು. ಬಳಸಿದ ಹಳೆಯ ಸಿಡಿಗೆ ನಾನು ತೆತ್ತದ್ದು ಎಲ್‌ಪಿಯ ಬೆಲೆಯ ಕಾಲುಭಾಗವೂ ಅಲ್ಲ.