ಮ್ಯೂಸಿಕ್ ಥೆರಪಿಗೆ ಫುಲ್ ಮಾರ್ಕ್ಸ್, ಮೆಟ್ಟಿಲಿಗೆ ಸೊನ್ನೆ

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಆಡಿಸೋದು ಕಷ್ಟ ಆಗೋ ಸ್ಥಿತಿ) ಇರೋ ಮಗಳಿಗೆ ಮೈಸೂರಲ್ಲೇ ಸರಸ್ವತಿಪುರಂ ಕಡೆ ಒಂದು ಸೆಂಟರಲ್ಲಿ ಮ್ಯೂಸಿಕ್ ಥೆರಪಿ ಕೊಡಿಸ್ತಾ ಇದೀವಿ. ಹೆಸರು ಹಾಕಲ್ಲ, ಯಾಕಂದ್ರೆ ಬೈಯೋದೂ ಇದೆ. ಸಂಗೀತ ಕ್ಲಾಸು ಅಂದ್ಕೊಂಡು ಬರಬೇಡಿ, ಇಲ್ಲಿ ಸರಳೆ ಜಂಟಿವರಸೆ ಏನೂ ಹೇಳ್ಕೊಡಲ್ಲ. ನಮ್ಮತ್ತೆ "ಖಂಜಿರ ಬಡಿಯೋಕೆ ಇಷ್ಟು ದುಡ್ಡಾ?" ಅಂದಿದ್ರು, ಈಗ ಅವರೇ ಮೊಮ್ಮಗಳಿಗೆ ಜಡೆ ಹಾಕಿ ರೆಡಿ ಮಾಡಿ ಕೂರಿಸಿರ್ತಾರೆ.

ನಂಗೆ ತುಂಬ ಹಿಡಿಸಿದ್ದು ನಡಿಗೆ ಸೆಷನ್ನು. ಮೊದ್ಲು ಅವಳು ತನ್ನಷ್ಟಕ್ಕೆ ನಡೆಯೋ ಸ್ಪೀಡ್ ನೋಡಿ ಮೊಬೈಲಲ್ಲಿ ಮೆಟ್ರೊನೋಮ್ (ಒಂದೇ ಲಯದಲ್ಲಿ ಟಕ್ ಟಕ್ ಅನ್ನೋದು) ಸೆಟ್ ಮಾಡ್ತಾರೆ, ಆಮೇಲೆ ಅದೇ ಲಯಕ್ಕೆ ಥೆರಪಿಸ್ಟ್ ಖಂಜಿರ ಹಿಡ್ಕೊಂಡು ಅವಳ ಎದುರಿಗೆ ಹಿಂದ್ಹಿಂದಕ್ಕೆ ಹೋಗ್ತಾ ಇರ್ತಾರೆ, ಒಂದು ಪೆಟ್ಟಿಗೆ ಒಂದು ಹೆಜ್ಜೆ. ಮುಂದಿನ ಪೆಟ್ಟು ಯಾವಾಗ ಬೀಳುತ್ತೆ ಅಂತ ಗೊತ್ತಾಗಿಬಿಟ್ರೆ ಎಳೆಯೋ ಎಡಗಾಲೂ ಸರಿಯಾದ ಟೈಮಿಗೆ ಏಳುತ್ತೆ. ರಿದಮಿಕ್ ಆಡಿಟರಿ ಸ್ಟಿಮ್ಯುಲೇಷನ್ ಅಂತಾರೆ ಇದಕ್ಕೆ, ಸ್ಟ್ರೋಕ್, ಪಾರ್ಕಿನ್ಸನ್ ಪೇಷೆಂಟ್‌ಗಳಿಗೂ ಮಾಡಿಸ್ತಾರೆ. ಕೊನೇಲಿ ಖಂಜಿರ ನಿಲ್ಲಿಸಿ ನೋಡ್ತಾರೆ: ಒಂದಷ್ಟು ದೂರ ಹಾಗೇ ನೀಟಾಗಿ ನಡೀತಾಳೆ, ಆಮೇಲೆ ಮತ್ತೆ ಎಳೆಯೋಕೆ ಶುರು. ಮ್ಯಾಜಿಕ್ ಏನಲ್ಲ, ಮನೇಲೂ ದಿನಾ ಮಾಡಿಸ್ಬೇಕು, ಫಿಸಿಯೋ ಅಂತೂ ಬಿಡೋ ಹಾಗೇ ಇಲ್ಲ.

ಮಾತಿಗೆ ಬೇರೆ ಥರ. ಮಕ್ಕಳ ಪದ್ಯ ಹಾಡ್ತಾ ಹಾಡ್ತಾ ಸಾಲಿನ ಕೊನೇ ಪದ ಬಿಟ್ಟು ಕಾಯ್ತಾರೆ, ಅವಳೇ ಹೇಳ್ಬೇಕು. ನಾನು ಮಧ್ಯೆ ಬಾಯಿ ಹಾಕೋಕೆ ಹೋದ್ರೆ "ಮೇಡಂ, ಸುಮ್ನಿರಿ, ಅವಳು ಹೇಳ್ತಾಳೆ" ಅಂತಾರೆ. ಹೇಳ್ತಾಳೆ ಕೂಡ, ಅರ್ಧಂಬರ್ಧ. ಆದ್ರೂ ಸ್ಪೀಚ್ ಥೆರಪಿ ಬದಲಿಗೆ ಇದು ಅಂತ ಮಾತ್ರ ಬರಬೇಡಿ, ಮಾನಸಗಂಗೋತ್ರಿಲಿ ವಾಕ್ ಶ್ರವಣ ಸಂಸ್ಥೆ ಇರೋ ಊರು ನಮ್ದು, ಮೊದ್ಲು ಅಲ್ಲಿ ತೋರಿಸಿ.

ಆಟಿಸಂ ಇರೋ ಮಕ್ಕಳ ಅಪ್ಪ ಅಮ್ಮಂದಿರು ತುಂಬ ಜನ ಕೇಳ್ತಾರೆ, ಅದಕ್ಕೆ ಹೇಳ್ತೀನಿ. 2017ರಲ್ಲಿ 9 ದೇಶದ 364 ಮಕ್ಕಳ ಮೇಲೆ ದೊಡ್ಡ ಸ್ಟಡಿ ಆಗಿತ್ತು, 5 ತಿಂಗಳಾದ್ಮೇಲೆ ಸೋಷಿಯಲ್ ಲಕ್ಷಣಗಳಲ್ಲಿ ಹೇಳ್ಕೊಳ್ಳೋ ವ್ಯತ್ಯಾಸ ಸಿಗಲಿಲ್ಲ. ಆದ್ರೆ 2022ರ ಕಾಕ್ರೇನ್ ರಿವ್ಯೂ (ಆಗಿರೋ ಸ್ಟಡಿಗಳನ್ನೆಲ್ಲ ಸೇರಿಸಿ ತೂಗಿ ನೋಡೋ ವರದಿ) 26 ಸ್ಟಡಿ ಒಟ್ಟಿಗೆ ನೋಡಿ, ಒಟ್ಟಾರೆ ಸುಧಾರಣೆಗೆ, ಜೀವನದ ಗುಣಮಟ್ಟಕ್ಕೆ ಬಹುಶಃ ಹೆಲ್ಪ್ ಆಗುತ್ತೆ ಅಂದಿದೆ. ಸೋ ಸಾಲ ಮಾಡಿ ವರ್ಷದ ಪ್ಯಾಕೇಜ್ ತಗೋಬೇಡಿ, ಯಾವ ಗುರಿಗೆ ಮಾಡಿಸ್ತೀರ ಅಂತ ಬರೆಸ್ಕೊಂಡು ಶುರು ಮಾಡಿ.

ಈಗ ಬೈಗುಳ. ರಿಸೆಪ್ಷನಲ್ಲಿ ಒಂದು ಬೋರ್ಡ್ ಹಾಕಿದಾರೆ, ಈ ರಾಗ ಕೇಳಿದ್ರೆ ಫಿಟ್ಸ್ ವಾಸಿ ಅಂತ. ಒಳಗಡೆ ಥೆರಪಿಸ್ಟ್ ಒಳ್ಳೆ ಕೆಲಸ ಮಾಡ್ತಿರ್ಬೇಕಾದ್ರೆ ಹೊರಗಡೆ ಇದೇನ್ರಿ? ಅಪರೂಪಕ್ಕೆ ಕೆಲವರಿಗೆ ಸಂಗೀತ ಕೇಳಿದ್ರೇ ಫಿಟ್ಸ್ ಬರೋದುಂಟು, ನ್ಯೂರಾಲಜಿಸ್ಟ್‌ನ ಕೇಳದೆ ಶುರು ಮಾಡ್ಬೇಡಿ, ಮಾತ್ರೆ ಅಂತೂ ನಿಲ್ಲಿಸ್ಲೇಬೇಡಿ. ಇನ್ನೊಂದು, ಸೆಂಟರ್ ಇರೋದು ಮೊದಲನೇ ಮಹಡೀಲಿ, ಲಿಫ್ಟೂ ಇಲ್ಲ ರ‍್ಯಾಂಪೂ ಇಲ್ಲ. ನಡೆಯೋಕೆ ಕಷ್ಟ ಇರೋ ಮಕ್ಕಳಿಗೆ ಅಂತಲೇ ಮಾಡಿರೋ ಜಾಗ ಇದು! ಒಂದು ಕೈಲಿ ಮಗು, ಇನ್ನೊಂದು ಕೈಲಿ ವಾಕರ್.

ಸ್ಲಾಟ್ ತಗೊಳ್ಳೋರು ಭಾನುವಾರ ಬೆಳಗ್ಗೆದು ತಗೋಬೇಡಿ, ಪಕ್ಕದಲ್ಲೇ ಛತ್ರ ಇದೆ, ಮುಹೂರ್ತದ ವಾಲಗ ಶುರುವಾದ್ರೆ ಖಂಜಿರ ಕೇಳ್ಸೋದೇ ಇಲ್ಲ.