ಹರ್ಬಿ ಹ್ಯಾನ್‌ಕಾಕ್ ಅವರ ಎರಡು ಆಲ್ಬಂಗಳು: ‘ಹೆಡ್ ಹಂಟರ್ಸ್’ ಮತ್ತು ‘ಥ್ರಸ್ಟ್’

ಜಾಝ್ ಮತ್ತು ಫಂಕ್ ಬೆರೆತ ಸಂಗೀತದಲ್ಲಿ ಒಂದೇ ಒಂದು ಆಲ್ಬಂ ಇಟ್ಟುಕೊಳ್ಳುವುದಾದರೆ ಅಮೆರಿಕದ ಪಿಯಾನೊ ಮತ್ತು ಕೀಬೋರ್ಡ್ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 1973ರ ‘ಹೆಡ್ ಹಂಟರ್ಸ್’ ಇರಲೋ, ಮರುವರ್ಷ ಬಂದ ‘ಥ್ರಸ್ಟ್’ ಇರಲೋ ಎಂದು ತೀರ್ಮಾನಿಸುವ ಸಲುವಾಗಿ ಎರಡು ವಾರ ಪ್ರತಿ ರಾತ್ರಿ ಎರಡನ್ನೂ ಒಂದೇ ಹೆಡ್‌ಫೋನಿನಲ್ಲಿ ಒಂದರ ಹಿಂದೊಂದು ಕೇಳಿದೆ. ಎರಡರಲ್ಲೂ ನಾಲ್ಕೇ ಟ್ರ್ಯಾಕ್‌ಗಳಿವೆ, ಅವಧಿಯೂ ಹೆಚ್ಚುಕಡಿಮೆ 40 ನಿಮಿಷ. ಬೆನ್ನಿ ಮಾಪಿನ್ ಅವರ ಸ್ಯಾಕ್ಸೊಫೋನ್ ಮತ್ತು ಬೇಸ್ ಕ್ಲಾರಿನೆಟ್, ಪಾಲ್ ಜಾಕ್ಸನ್ ಅವರ ಬೇಸ್ ಗಿಟಾರ್, ಬಿಲ್ ಸಮರ್ಸ್ ಅವರ ತಾಳವಾದ್ಯಗಳು ಎರಡರಲ್ಲೂ ಇವೆ. ಬದಲಾದವರು ಡ್ರಮ್ಸ್ ವಾದಕರು ಮಾತ್ರ: ಮೊದಲನೆಯದರಲ್ಲಿ ಹಾರ್ವಿ ಮೇಸನ್, ಎರಡನೆಯದರಲ್ಲಿ ಮೈಕ್ ಕ್ಲಾರ್ಕ್. ನನ್ನ ತೀರ್ಮಾನ ನಿಂತದ್ದು ಬಹುಮಟ್ಟಿಗೆ ಈ ಬದಲಾವಣೆಯ ಮೇಲೆಯೇ.

‘ಹೆಡ್ ಹಂಟರ್ಸ್’ ಕೇಳುಗನನ್ನು ಕೂಡಲೇ ಒಳಗೆ ಕರೆದುಕೊಳ್ಳುತ್ತದೆ. ಸುಮಾರು 16 ನಿಮಿಷಗಳ ‘ಕಮೀಲಿಯನ್’ ಶುರುವಾಗುವುದು ಹ್ಯಾನ್‌ಕಾಕ್ ಎಆರ್‌ಪಿ ಒಡಿಸ್ಸಿ ಸಿಂಥಸೈಜರ್‌ನಲ್ಲಿ ನುಡಿಸುವ ಮಂದ್ರದ ಒಂದು ಸಣ್ಣ ಸಂಗತಿಯಿಂದ. ಅದರ ಮೇಲೆ ಡ್ರಮ್ಸ್, ಆಮೇಲೆ ಗಿಟಾರ್ ಇಲ್ಲದ ಕೊರತೆಯನ್ನು ತುಂಬುವ ಕ್ಲಾವಿನೆಟ್ ಎಂಬ ಕೀಬೋರ್ಡ್, ಹೀಗೆ ಒಂದೊಂದೇ ಪದರ ಸೇರುತ್ತ ಹೋಗುತ್ತದೆ. 1962ರಲ್ಲಿ ತಾವೇ ಧ್ವನಿಮುದ್ರಿಸಿದ್ದ ‘ವಾಟರ್‌ಮೆಲನ್ ಮ್ಯಾನ್’ ಅನ್ನು ಹ್ಯಾನ್‌ಕಾಕ್ ಇಲ್ಲಿ ಗುರುತು ಸಿಗದಷ್ಟು ಬದಲಿಸಿದ್ದಾರೆ: ಮಧ್ಯ ಆಫ್ರಿಕದ ಕಾಡುವಾಸಿಗಳ ಊದುವ ಪದ್ಧತಿಯನ್ನು ಅನುಸರಿಸಿ ಸಮರ್ಸ್ ಬಿಯರ್ ಬಾಟಲಿಯನ್ನು ಊದುತ್ತಾರೆ. ಮೊದಲ ಸಲ ಕೇಳಿದಾಗ ಅದನ್ನು ಯಾವುದೋ ಕೊಳಲೆಂದೇ ತಿಳಿದಿದ್ದೆ. ಮೇಸನ್ ಅವರ ಹಿಡಿತ ಎಲ್ಲೂ ಸಡಿಲವಾಗುವುದಿಲ್ಲ. ಫಂಕ್ ಗಾಯಕ ಸ್ಲೈ ಸ್ಟೋನ್ ಅವರ ಹೆಸರು ಹೊತ್ತ ‘ಸ್ಲೈ’ ಅಂಥ ವೇಗದಲ್ಲಿ ಓಡುವಾಗಲೂ ಕಾಲು ತಾನಾಗಿ ತಾಳ ಹಾಕುತ್ತದೆ.

‘ಥ್ರಸ್ಟ್’ ಈ ಅನುಕೂಲವನ್ನು ಒದಗಿಸುವುದಿಲ್ಲ. ‘ಆಕ್ಚುಯಲ್ ಪ್ರೂಫ್’ ಎಂಬ ಎರಡನೆಯ ಟ್ರ್ಯಾಕಿನ ಹೆಸರು ಹ್ಯಾನ್‌ಕಾಕ್ ಅನುಸರಿಸುವ ನಿಚಿರೆನ್ ಬೌದ್ಧ ಪರಂಪರೆಯ ಮಾತು. ಲೆಕ್ಕದಲ್ಲಿ ಅದು ನಾಲ್ಕರ ನಡೆಯೇ ಆದ್ದರಿಂದ, ಸಂಗೀತ ಕಚೇರಿಗಳಲ್ಲಿ ಕೂತು ಬೆಳೆಸಿಕೊಂಡ ಅಭ್ಯಾಸದಂತೆ ಆದಿತಾಳ ಹಾಕಿ ನೋಡಿದೆ. ಮೊದಲ ಮೂರು ರಾತ್ರಿ ಒಂದು ನಿಮಿಷ ಕಳೆಯುವುದರೊಳಗೆ ನನ್ನ ಸಮ ಒಂದು ಕಡೆ, ವಾದ್ಯಗಳದು ಇನ್ನೊಂದು ಕಡೆ ಆಗಿತ್ತು. ಕ್ಲಾರ್ಕ್ ಸಮದ ಮೇಲೆ ಒತ್ತು ಕೊಡುವುದೇ ಅಪರೂಪ. ಪೆಟ್ಟುಗಳನ್ನು ಒಡೆದು ಎಣಿಕೆಗಳ ನಡುವಿನ ಸಂದುಗಳಲ್ಲಿ ಇಡುತ್ತಾರೆ, ಜಾಕ್ಸನ್ ಅವರ ಬೇಸ್ ಆ ಸಂದುಗಳಿಗೆ ಉತ್ತರ ಕೊಡುತ್ತ ಸಾಗುತ್ತದೆ, ಇಬ್ಬರೂ ಎಡವಿದರೇನೋ ಅನ್ನಿಸುವ ಹೊತ್ತಿಗೆ ಸರಿಯಾಗಿ ಒಂದೇ ಜಾಗದಲ್ಲಿ ಬಂದು ಕೂಡುತ್ತಾರೆ. ನಾಲ್ಕನೆಯ ರಾತ್ರಿ ಕೊನೆಯವರೆಗೂ ತಾಳ ತಪ್ಪಲಿಲ್ಲ. ಅಂದಿನಿಂದ ‘ಕಮೀಲಿಯನ್’ ನನಗೆ ಸ್ವಲ್ಪ ಸುಲಭವೆನಿಸತೊಡಗಿದ್ದು ನಿಜ.

ಎರಡರಲ್ಲಿಯೂ ಒಂದೊಂದು ವಿಳಂಬ ಗತಿಯ ಟ್ರ್ಯಾಕ್ ಇದೆ. ‘ಹೆಡ್ ಹಂಟರ್ಸ್’ನ ‘ವೇನ್ ಮೆಲ್ಟರ್’ನಲ್ಲಿ ಡ್ರಮ್ಸ್ ಎದೆಬಡಿತದಂತೆ ಒಂದೇ ಸಮನೆ ನಡೆಯುತ್ತದೆ, ಮೂಡಿಸಿದ ಭಾವವನ್ನು ಅದು ಕಡೆಯವರೆಗೆ ಕಾಪಾಡುತ್ತದೆ, ಆದರೆ ಅಲ್ಲಿಂದ ಮುಂದೆ ಹೋಗುವುದಿಲ್ಲ. ‘ಥ್ರಸ್ಟ್’ನ ‘ಬಟರ್‌ಫ್ಲೈ’ಯಲ್ಲಿ ಮಾಪಿನ್ ಅವರ ಊದುವಾದ್ಯಗಳು ಹಿಡಿದ ನಿಧಾನದ ರಾಗವನ್ನು ಫೆಂಡರ್ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ ಕೈಗೆತ್ತಿಕೊಂಡು ಮೆಲ್ಲನೆ ಬಿಸಿಯೇರಿಸಿ, ಮತ್ತೆ ಮೊದಲಿನ ತಂಪಿಗೆ ತಂದುಬಿಡುತ್ತದೆ. ಇದರ ಮುಂದೆ ನಿಲ್ಲುವಂಥದ್ದು ‘ಹೆಡ್ ಹಂಟರ್ಸ್’ನಲ್ಲಿ ನನಗೆ ಸಿಗಲಿಲ್ಲ.

1975ರ ‘ಮ್ಯಾನ್-ಚೈಲ್ಡ್’ ಅನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಗಿಟಾರ್‌ಗಳು ಬಂದು, ತುತ್ತೂರಿಗಳು ಬಂದು, ಐದು ಜನರ ನಡುವಿನ ಖಾಲಿ ಜಾಗವೆಲ್ಲ ತುಂಬಿಹೋಗಿರುವುದರಿಂದ ಎರಡೇ ರಾತ್ರಿಗೆ ಕೈಬಿಟ್ಟೆ.

ಕೊನೆಗೆ ಉಳಿಸಿಕೊಂಡದ್ದು ‘ಥ್ರಸ್ಟ್’. ಅದರಲ್ಲೂ ಒಂದು ಅಡಚಣೆಯಿದೆ: ‘ಬಟರ್‌ಫ್ಲೈ’ ಮುಗಿದ ಬೆನ್ನಿಗೇ ‘ಸ್ಪ್ಯಾಂಕ್-ಎ-ಲೀ’ ಗದ್ದಲದೊಂದಿಗೆ ನುಗ್ಗುತ್ತದೆ. ಹಾಗಾಗಿ ರಾತ್ರಿ ಕೇಳುವಾಗ ಮೂರನೆಯದಕ್ಕೇ ನಿಲ್ಲಿಸಿ, ನಾಲ್ಕನೆಯದನ್ನು ಬೆಳಗಿನ ಕಾಫಿಯ ಹೊತ್ತಿಗೆ ಇಟ್ಟುಕೊಂಡಿದ್ದೇನೆ.