ಮುಯ್ ಥಾಯ್ ಕಲಿಯಲು ಥಾಯ್ಲೆಂಡ್‌ಗೆ ಹೊರಟಿದ್ದೀರಾ? ಗ್ಲೌಸ್ ಅಲ್ಲೇ ಕೊಳ್ಳಿ

ಗುದ್ದು, ಒದೆತ ಎರಡೂ ಇರುವ ಥಾಯ್ ಕಾದಾಟದ ಕಲೆ ಮುಯ್ ಥಾಯ್ ಕಲಿಯಲು ಫುಕೆಟ್ ದ್ವೀಪದ ಚಲಾಂಗ್‌ನಲ್ಲಿ ತರಬೇತಿ ಕ್ಯಾಂಪ್‌ಗೆ ಹೋದಾಗ ನಾನು ಮೂರು ಬಗೆಯ ಗ್ಲೌಸ್ ಹಾಕಿ ನೋಡಿದೆ. ಬೆಂಗಳೂರಿನಿಂದ ಒಯ್ದದ್ದು, ಕ್ಯಾಂಪಿನವರು ಕೊಟ್ಟದ್ದು, ಅಲ್ಲೇ ಅಂಗಡಿಯಲ್ಲಿ ಕೊಂಡ ಟ್ವಿನ್ಸ್ ಕಂಪನಿಯದು. ಈಗಲೂ ನಾನು ಹಾಕುವುದು ಟ್ವಿನ್ಸ್ ಮಾತ್ರ.

ಬೆಂಗಳೂರಿನಿಂದ ಒಯ್ದದ್ದು ಆನ್‌ಲೈನಲ್ಲಿ ತರಿಸಿದ ರೆಕ್ಸಿನ್ ಗ್ಲೌಸ್. ಇಲ್ಲಿ ಜಿಮ್‌ಗೆ ದಿನ ಬಿಟ್ಟು ದಿನ ಹೋಗುವಾಗ ಏನೂ ತೊಂದರೆ ಇರಲಿಲ್ಲ. ಅಲ್ಲಿ ಹೋದ ಮೇಲೆ ಒಳಗಿನ ಲೈನಿಂಗ್ ಬಟ್ಟೆ ಜೀವ ತಿಂದಿತು. ಕ್ಯಾಂಪಿನಲ್ಲಿ ಬೆಳಗ್ಗೆ ಒಂದು ಸಲ, ಮಧ್ಯಾಹ್ನದ ಮೇಲೆ ಇನ್ನೊಂದು ಸಲ ಅಭ್ಯಾಸ. ಆ ಸೆಕೆಗೆ ಎರಡನೇ ರೌಂಡ್ ಮುಗಿಯುವಷ್ಟರಲ್ಲಿ ಕೈಗೆ ಸುತ್ತಿದ ಬಟ್ಟೆ ಪಟ್ಟಿಯ ರ‍್ಯಾಪ್ ತೊಯ್ದು ತೊಪ್ಪೆಯಾಗುತ್ತದೆ. ನೀರು ಕುಡಿಯಲು ಗ್ಲೌಸ್ ಬಿಚ್ಚಿದರೆ, ಒದ್ದೆ ರ‍್ಯಾಪ್‌ಗೆ ಅಂಟಿಕೊಂಡ ಲೈನಿಂಗ್ ಕೈ ಜೊತೆಗೇ ಹೊರಗೆ ಬರುತ್ತಿತ್ತು, ಪ್ಯಾಂಟಿನ ಜೇಬು ತಿರುಗಿ ಹೊರಗೆ ಬಂದ ಹಾಗೆ. ಬಟ್ಟೆಯನ್ನು ಗ್ಲೌಸಿನ ಬಾಯಿ ಹತ್ತಿರ ಮಾತ್ರ ಹೊಲಿದಿದ್ದರು, ಬೆರಳಿನ ತುದಿಯಲ್ಲಿ ಹಿಡಿತವೇ ಇಲ್ಲ.

ಮತ್ತೆ ಕೈ ತೂರಿಸಿದರೆ ಬಟ್ಟೆ ಮುದುಡಿ ಬೆರಳ ತುದಿಯಲ್ಲಿ ಗಂಟಾಗಿ ಕೂರುತ್ತದೆ. ಆ ಗಂಟು ಇದ್ದರೆ ಮುಷ್ಟಿ ಪೂರ್ತಿ ಮುಚ್ಚುವುದಿಲ್ಲ. ಸಡಿಲ ಮುಷ್ಟಿಯಲ್ಲಿ ಪ್ಯಾಡ್‌ಗೆ ಹೊಡೆದರೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ರೌಂಡಿನ ನಡುವೆ ಸಿಗುವುದೇ ಒಂದೆರಡು ನಿಮಿಷ. ಅಲ್ಲಿ ಗುರುಗಳನ್ನು 'ಕ್ರೂ' ಅಂತ ಕರೆಯುತ್ತಾರೆ. ಅವರು ಪ್ಯಾಡ್ ಕಟ್ಟಿಕೊಂಡು ರೆಡಿ ನಿಂತಿರುತ್ತಾರೆ, ನಾವು ಬೆರಳಿನಿಂದ ಬಟ್ಟೆ ಒಳಗೆ ತಳ್ಳುತ್ತಾ ಇರಬೇಕು. ಅಷ್ಟು ದುಡ್ಡು ಕೊಟ್ಟು, ಅಷ್ಟು ದೂರ ಹೋಗಿ, ಅಂಥವರನ್ನು ಕಾಯಿಸುವುದು ತುಂಬಾ ಬೇಜಾರಿನ ಕೆಲಸ.

ಒಣಗುವುದಂತೂ ದೂರದ ಮಾತು. ಫ್ಯಾನ್ ಮುಂದೆ ಇಟ್ಟು ಒಳಗೆ ಪೇಪರ್ ಉಂಡೆ ತುರುಕಿದರೂ ಮಧ್ಯಾಹ್ನ ಕೈ ಹಾಕಿದಾಗ ಒಳಗೆಲ್ಲಾ ತಣ್ಣಗೆ, ಜಿಬಿಜಿಬಿ.

ಕ್ಯಾಂಪಿನ ಗ್ಲೌಸ್‌ಗೆ ದುಡ್ಡಿಲ್ಲ. ಆದರೆ ನಿಮಗಿಂತ ಮೊದಲು ಹಾಕಿದವರ ಬೆವರು ಅದರಲ್ಲೇ ಇರುತ್ತದೆ.

ಟ್ವಿನ್ಸ್ ಚರ್ಮದ್ದು. ಎಷ್ಟು ಒದ್ದೆಯಾದರೂ ಲೈನಿಂಗ್ ಅಲುಗಾಡುವುದಿಲ್ಲ, ಕೈ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ಕೈಯ ಹಿಂಬದಿಯಲ್ಲೂ ಪ್ಯಾಡಿಂಗ್ ಇರುವುದರಿಂದ ಒದೆತ ತಡೆಯುವಾಗ ಧೈರ್ಯ. ಅಂಗೈ ಸಲೀಸಾಗಿ ತೆರೆದುಕೊಳ್ಳುತ್ತದೆ. ಕ್ಲಿಂಚ್‌ನಲ್ಲಿ, ಅಂದರೆ ಹತ್ತಿರ ನಿಂತು ಹಿಡಿದು ಕಾದಾಡುವಾಗ, ಎದುರಾಳಿಯ ಕತ್ತು ಹಿಡಿಯಲು ಅದು ಬೇಕೇ ಬೇಕು, ಬರೀ ಬಾಕ್ಸಿಂಗ್‌ಗೆ ಮಾಡಿದ ಗ್ಲೌಸ್ ಅಲ್ಲಿ ಅಡ್ಡ ಬರುತ್ತದೆ. ಅದೇ ಅಂಗಡಿಯಲ್ಲಿ ಫೇರ್‌ಟೆಕ್ಸ್ ಕೂಡ ಹಾಕಿ ನೋಡಿದೆ. ಒಳ್ಳೆಯ ಮಾಲು, ಆದರೆ ಒಳಗೆ ಜಾಗ ಕಮ್ಮಿ, ನನ್ನ ಅಗಲ ಕೈಗೆ ಬಿಗಿ. ಸಣ್ಣ ಕೈಯವರು ಅದನ್ನೇ ತಗೊಳ್ಳಿ. ಅಂಗಡಿಗೆ ಹೋಗುವಾಗ ರ‍್ಯಾಪ್ ಮರೆಯಬೇಡಿ, ಸುತ್ತಿಕೊಂಡೇ ಹಾಕಿ ನೋಡಬೇಕು.

ಬೆಲೆ 2,500ರಿಂದ 3,000 ಬಾತ್ ಆಸುಪಾಸು, ಅಂದರೆ ಏಳೆಂಟು ಸಾವಿರ ರೂಪಾಯಿ. ರೆಕ್ಸಿನ್ ಜೋಡಿಗಿಂತ ಜಾಸ್ತಿಯೇ. ಆದರೆ ವರ್ಷಗಟ್ಟಲೆ ಅಭ್ಯಾಸ ಮಾಡುವ ನನ್ನಂಥವರಿಗೆ ಅದು ಹೊರೆಯಲ್ಲ. ಪ್ರವಾಸಿಗರಿಗೆ ತೆರಿಗೆ ವಾಪಸ್ ಕೊಡಿಸುವ ವ್ಯಾಟ್ ರೀಫಂಡ್ ಬೋರ್ಡ್ ಇರುವ ಅಂಗಡಿಯಲ್ಲಿ ಒಂದೇ ದಿನ 2,000 ಬಾತ್‌ಗೆ ಮೇಲ್ಪಟ್ಟು ಕೊಂಡರೆ, ಪಾಸ್‌ಪೋರ್ಟ್ ತೋರಿಸಿ ಫಾರಂ ಕೇಳಿ. ಒಟ್ಟು ಖರೀದಿ 20,000 ಬಾತ್ ಮುಟ್ಟಿದರೆ, ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ಲಗೇಜ್ ಚೆಕ್-ಇನ್‌ಗೆ ಮುಂಚೆಯೇ ಕಸ್ಟಮ್ಸ್ ಮುದ್ರೆ ಹಾಕಿಸಬೇಕು.

ಲಗೇಜ್ ಲೆಕ್ಕವೂ ಇದೆ. ಒಂದೊಂದೂ 16 ಔನ್ಸ್ ತೂಗುವ ಗ್ಲೌಸ್ ಜೋಡಿ ಅಂದರೆ ಸುಮಾರು 900 ಗ್ರಾಂ. ತೂಕಕ್ಕಿಂತ ಅದು ತಿನ್ನುವ ಜಾಗ ಜಾಸ್ತಿ. ಹೋಗುವಾಗ ಆ ಜಾಗದಲ್ಲಿ ಬಟ್ಟೆ ಇಡಿ, ಎರಡು ಹೊತ್ತಿನ ಅಭ್ಯಾಸಕ್ಕೆ ಟೀ ಶರ್ಟ್ ಎಷ್ಟಿದ್ದರೂ ಸಾಲದು.

ಇಲ್ಲಿಂದಲೇ ಒಯ್ಯಬೇಕಾದ್ದು ಬಾಯಿಗೆ ಹಾಕುವ ಮೌತ್‌ಗಾರ್ಡ್, ತೊಡೆಸಂದಿ ಕಾಯುವ ಗ್ರೋಯಿನ್ ಗಾರ್ಡ್, ಮೂರ್ನಾಲ್ಕು ಜೊತೆ ರ‍್ಯಾಪ್, ಓಡಲು ಹಳೇ ಶೂ. ಮೌತ್‌ಗಾರ್ಡ್ ಹಲ್ಲಿನ ಡಾಕ್ಟರ ಹತ್ತಿರ ಅಳತೆ ಕೊಟ್ಟು ಮಾಡಿಸಿದರೆ ಒಳ್ಳೆಯದು. ಮೊಣಕಾಲ ಕೆಳಗೆ ಕಟ್ಟುವ ಶಿನ್‌ಗಾರ್ಡ್ ಕ್ಯಾಂಪಿನದೇ ಸಾಕು. ಚಡ್ಡಿ ಅಲ್ಲಿ ಅಗ್ಗ. ಮೈಗೆ ಹಚ್ಚುವ ನಮ್ಮನ್ ಮುಯ್ ಎಣ್ಣೆ ತರುವವರು 120 ಎಂಎಲ್ ಬಾಟಲಿಯನ್ನು ಕೈಚೀಲದಲ್ಲಿ ಇಡಬೇಡಿ, 100 ದಾಟಿದರೆ ಸೆಕ್ಯುರಿಟಿಯಲ್ಲಿ ಬಿಡುವುದಿಲ್ಲ.

ಬರೀ ಒಂದು ವಾರಕ್ಕೆ ಹೋಗುವವರು, ಮುಂದೆ ಅಭ್ಯಾಸ ಮುಂದುವರಿಸುವ ಯೋಚನೆ ಇಲ್ಲದವರು ಕ್ಯಾಂಪಿನ ಗ್ಲೌಸ್‌ನಲ್ಲೇ ಮುಗಿಸಿ. ಉಳಿದ ದುಡ್ಡಲ್ಲಿ ಕ್ರೂ ಹತ್ತಿರ ಪ್ರೈವೇಟ್ ಕ್ಲಾಸ್ ತಗೊಳ್ಳಿ.